ಒಳ್ಳೆಯ ಎಣ್ಣೆ

ನಾನು ಒಂದು ಮೋಟಾರ್‌ಸೈಕಲ್ಲು. ದೂರದ ಕಾರ್ಖಾನೆಯೊಂದರಲ್ಲಿ ನನ್ನ ಕೈಕಾಲು ಕೂಡಿಸಿದರು. ಹೊಟ್ಟೆಗೆ ಎಣ್ಣೆ ಹೊಯ್ದು, ಯಾರೋ ಒಬ್ಬ ಬಲವಾಗಿ ಒದ್ದ ಮೇಲೆಯೇ ನಾನು ಉಸಿರಾಡಿದ್ದು. ಹುಟ್ಟಿದ ಗಳಿಗೆಯಲ್ಲೇ ಒದೆ ತಿಂದರೂ ನನಗೆ ಬೇಸರವಾಗಲಿಲ್ಲ, ಓಡುವ ಆಸೆ ಅಷ್ಟಿತ್ತು.

ದಾವಣಗೆರೆಯಲ್ಲಿ ನನ್ನನ್ನು ಮೊದಲು ಕೊಂಡವರು ಟೈಪಿಂಗ್ ಕಲಿಸುವ ಮೇಷ್ಟ್ರು. ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಅವರಿಗೆ ಮಂಡಿನೋವು ಬಂದ ಮೇಲೆ ಮಂಡಕ್ಕಿ ಹುರಿಯುವ ಭಟ್ಟಿಯ ಹಾಲೇಶನ ಪಾಲಾದೆ. ಅಂದಿನಿಂದ ನನ್ನ ಬೆನ್ನ ಮೇಲೆ ಮಂಡಕ್ಕಿ ಚೀಲಗಳ ರಾಶಿ. ಎದುರು ಬಂದವರು ಗುಡ್ಡವೇ ಬಂತೆಂದು ಬದಿಗೆ ಸರಿಯುತ್ತಿದ್ದರು. ಹೊತ್ತ ನನಗಲ್ಲವೇ ಗೊತ್ತು, ಅದರಲ್ಲಿ ತೂಕವೇ ಇರಲಿಲ್ಲ.

ಹಾಲೇಶ ದುಡಿಮೆಗಾರ, ಕೆಟ್ಟವನಲ್ಲ. ಆದರೆ ಸಿಟ್ಟು ಬಂದರೆ ಬೈದು ಹಗುರಾಗುವ ಜಾತಿಯವನಲ್ಲ, ಮಾತಾಡುವುದನ್ನೇ ಬಿಡುವವನು. ತಮ್ಮ ಮುರುಗೇಂದ್ರನ ಜೊತೆ ಹಾಗೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅಪ್ಪ ಕಟ್ಟಿದ ಭಟ್ಟಿ ಬಿಟ್ಟು ಬಟ್ಟೆ ಸಾಹುಕಾರರ ಕಾರಿಗೆ ಡ್ರೈವರಾಗಿ ಹೋದದ್ದೇ ತಮ್ಮನ ಅಪರಾಧ. ಅವರ ಅವ್ವ ನೀಲಮ್ಮ ಹಾಲೇಶನ ಮನೆಯಲ್ಲಿದ್ದಳು. ಮಕ್ಕಳಿಬ್ಬರ ನಡುವೆ ಆ ಮುದುಕಿಯ ಜೀವ ಹೈರಾಣಾಗಿತ್ತು.

ಆ ವರ್ಷದ ಆಯುಧಪೂಜೆಯ ದಿನ ಹಾಲೇಶ ಭಟ್ಟಿಗೆ ಹೋಗಿದ್ದ. ನಾನು ಅಂಗಳದಲ್ಲಿದ್ದೆ. ಮುರುಗೇಂದ್ರ ಕೈಯಲ್ಲೊಂದು ಡಬ್ಬಿ ಹಿಡಿದು ಬಂದ. ನನ್ನನ್ನು ತೊಳೆದ, ಹೊಟ್ಟೆಯ ಕರಿ ಎಣ್ಣೆಯನ್ನೆಲ್ಲ ಬಸಿದ, ಆಮೇಲೆ ಡಬ್ಬಿಯಿಂದ ಜೇನಿನ ಬಣ್ಣದ ಎಣ್ಣೆ ಹೊಯ್ದ.

"ಸಾಹುಕಾರ್ರ ಕಾರಿಗೆ ಹಾಕೋದು ಇದನ್ನೇ ಅವ್ವ. ಇದಕ್ಕಿಂತ ಒಳ್ಳೇ ಎಣ್ಣೆ ಇಲ್ಲ. ಅವರನ್ನ ಕೇಳಿ ಇಸ್ಕಂಡು ಬಂದೆ. ನಾನು ಹಾಕಿದ್ದು ಅಂತ ಅಣ್ಣಂಗೆ ಹೇಳಬ್ಯಾಡ. ಗಾಡಿ ಬೆಣ್ಣೆಯಂಗೆ ಓಡಿದ್ರೆ ಅವನೇ ಕೇಳ್ತಾನೆ. ನಾಳೆ ಬನ್ನಿ ಕೊಡಾಕೆ ಬರ್ತೀನಿ, ಅವಾಗ ಹೇಳಿದ್ರಾತು."

ವಿಜಯದಶಮಿಯಂದು ಬನ್ನಿ ಕೊಟ್ಟು ಕಾಲಿಗೆ ಬಿದ್ದವರನ್ನು ಯಾರೂ ದೂರ ತಳ್ಳುವುದಿಲ್ಲ. ಆ ಧೈರ್ಯ ಅವನದು. ಹೋಗುವಾಗ ನನ್ನ ಹ್ಯಾಂಡಲಿಗೆ ಚೆಂಡುಹೂವಿನ ಮಾಲೆ ಹಾಕಿದ. ಅಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ.

ಆದರೆ ನನ್ನ ಕ್ಲಚ್ಚಿನ ಪ್ಲೇಟುಗಳು ಮೊದಲೇ ಸವೆದಿದ್ದವು. ಆ ಎಣ್ಣೆಯ ನುಣುಪಿಗೆ ಅವು ಒಂದನ್ನೊಂದು ಹಿಡಿಯಲಾರದೆ ಜಾರತೊಡಗಿದವು. ಮರುದಿನ ಬೆಳಿಗ್ಗೆ ಹಾಲೇಶ ಅವ್ವನನ್ನು ಕೂರಿಸಿಕೊಂಡು ದುಗ್ಗಮ್ಮನ ಗುಡಿಗೆ ಹೊರಟ. ರೈಲ್ವೆ ಗೇಟಿನ ಏರಿನಲ್ಲಿ ಅವನು ಆಕ್ಸಿಲರೇಟರ್ ತಿರುವಿದಷ್ಟೂ ನಾನು ಅರಚಿಕೊಂಡೆ, ಚಕ್ರಕ್ಕೆ ಬಲ ಮುಟ್ಟಲೇ ಇಲ್ಲ. ನಿಂತೆ, ಹಿಂದಕ್ಕೆ ಉರುಳಿದೆ, ಮಗ್ಗುಲಾಗಿ ಬಿದ್ದೆ. ನೀಲಮ್ಮನ ಸೊಂಟ ಮುರಿಯಿತು.

"ಯಾರು ಮುಟ್ಟಿದ್ರು ಈ ಗಾಡಿನಾ?" ಎಂದು ಹಾಲೇಶ ಕೂಗಿದ.

ನೋವಿನಲ್ಲಿ ಅವಳ ಬಾಯಿಂದ ನಿಜ ಬಂತು. "ಮುರುಗ ಬಂದು ಎಣ್ಣೆ ಹಾಕಿದ್ದ ಕಣಪ್ಪ. ಒಳ್ಳೇದಕ್ಕೇ ಹಾಕ್ಯಾನೆ."

ಹಾಲೇಶನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ತಮ್ಮ ಹಬ್ಬದ ನೆಪದಲ್ಲಿ ಬಂದು ಗಾಡಿ ಕೆಡಿಸಿ ಹೋದ ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತು. ಸಂಜೆ ಹಾಲೇಶ ಆಸ್ಪತ್ರೆಗೆ ಬಟ್ಟೆ ಒಯ್ಯಲು ಮನೆಗೆ ಬಂದಿದ್ದ. ಅದೇ ಹೊತ್ತಿಗೆ ಮುರುಗೇಂದ್ರ ಹೊಸ ಅಂಗಿ ತೊಟ್ಟು, ಬನ್ನಿ ಎಲೆ ಹಿಡಿದು, ನಗುತ್ತ ಅಂಗಳಕ್ಕೆ ಕಾಲಿಟ್ಟ. ಹಾಲೇಶ ಅವನ ಮುಖದ ಮೇಲೆಯೇ ಬಾಗಿಲು ಹಾಕಿಕೊಂಡ. ಮುರುಗೇಂದ್ರ ಎಲೆಗಳನ್ನು, ಅಂಗಳಕ್ಕೆ ತಳ್ಳಿ ತಂದು ನಿಲ್ಲಿಸಿದ್ದ ನನ್ನ ಸೀಟಿನ ಮೇಲಿಟ್ಟು ಹೋದ.

ಆಸ್ಪತ್ರೆಗೆ ನೋಡಲು ಬಂದ ಮುರುಗೇಂದ್ರನಿಗೆ ನೀಲಮ್ಮನೂ ನಿಜ ಹೇಳಲಿಲ್ಲ. ತನ್ನ ಎಣ್ಣೆಯಿಂದ ಅವ್ವನ ಸೊಂಟ ಮುರಿಯಿತೆಂದು ತಿಳಿದರೆ ಮಗ ಕೊರಗುತ್ತಾನೆಂದು, ಬಚ್ಚಲಲ್ಲಿ ಜಾರಿದೆ ಅಂದಳು. ನನ್ನನ್ನು ಭಟ್ಟಿಯ ಮೂಲೆಗೆ ತಳ್ಳಿದರು. ನಿಜ ನನಗೆ ಗೊತ್ತಿತ್ತು. ಹೇಳಲು ನನಗಿದ್ದದ್ದು ಒಂದು ಹಾರನ್ನು, ಅದೂ ಕೆಟ್ಟಿತ್ತು.

ಮುಂದಿನ ಬೇಸಿಗೆಯಲ್ಲಿ ಮುರುಗೇಂದ್ರನಿಗೆ ಕಾಮಾಲೆಯಾಯಿತು. ಹೋಗಿ ನೋಡು ಎಂದು ನೀಲಮ್ಮ ಮಲಗಿದಲ್ಲಿಂದಲೇ ಅಂಗಲಾಚಿದಳು. ಹಾಲೇಶ ಹೋಗಲಿಲ್ಲ. ತಮ್ಮ ತೀರಿಕೊಂಡ ಮೇಲೆ ಮಣ್ಣಿಗೆ ಹೋದ, ದೂರದಲ್ಲೇ ನಿಂತಿದ್ದು ಬಂದ.

ಆಮೇಲೆ ನನ್ನ ಮುಖ ನೋಡಲಾಗದೆ ಮಾರಲು ಹೊರಟ. ಓಡದ ಗಾಡಿಯನ್ನು ಯಾರು ಕೊಳ್ಳುತ್ತಾರೆ? ಮೆಕ್ಯಾನಿಕ್ ದಾದಾಪೀರನ ಬಳಿ ತಳ್ಳಿಕೊಂಡು ಹೋದ. ದಾದಾಪೀರ ಎಣ್ಣೆ ಬಸಿದು, ಬೆರಳ ನಡುವೆ ಉಜ್ಜಿ, ಮೂಸಿ ನೋಡಿದ.

"ಇದು ಕಾರಿನ ಎಣ್ಣೆ ಹಾಲೇಶಣ್ಣ. ಕಾರಿನ ಕ್ಲಚ್ ಇಂಜಿನ್ ಎಣ್ಣೆ ಮುಟ್ಟಾದಿಲ್ಲ, ಬ್ಯಾರೆ ಕಡೆ ಒಣಗೇ ಇರ್ತತಿ. ಇಂಥ ಬೈಕಿನ ಪ್ಲೇಟು ಇಂಜಿನ್ ಎಣ್ಣೆಯೊಳಗೇ ಮುಳುಗಿರ್ತಾವು. ಇಷ್ಟು ನುಣುಪಾದ್ರೆ ಹೆಂಗೆ ಹಿಡೀತಾವು? ಡಬ್ಬಿ ಮ್ಯಾಲೆ ಬೈಕಿಗೆ ಅಂತ ಬರೆದಿದ್ದನ್ನೇ ತರಬೇಕು."

"ಕೆಡಿಸಬೇಕು ಅಂತಲೇ ಹಾಕಿದ್ದಾ ಇದು?"

ದಾದಾಪೀರ ನಕ್ಕುಬಿಟ್ಟ. "ಕೆಡಿಸೋನು ಒಂದು ಹಿಡಿ ಮರಳು ಹಾಕ್ತಾನಣ್ಣ. ಇಷ್ಟು ತುಟ್ಟಿ ಎಣ್ಣೆ ಯಾವನು ಹಾಕ್ತಾನೆ? ಇದು ಯಾರೋ ಬಾಳ ಅಕ್ಕರೆಯಿಂದ ಹಾಕಿದ್ದು."

ಹಾಲೇಶ ಅಲ್ಲೇ ಹಳೇ ಟೈರಿನ ಮೇಲೆ ಕೂತ. ದಾದಾಪೀರ ಹೊಸ ಪ್ಲೇಟುಗಳನ್ನು ಬೈಕಿನ ಎಣ್ಣೆಯಲ್ಲಿ ನೆನೆಸಿ ಕೂರಿಸಿದ, ಸ್ಪ್ರಿಂಗ್ ಬದಲಿಸಿದ, ಕ್ಲಚ್ ಕೇಬಲ್ಲಿನ ಬಿಗಿ ನೋಡಿದ.

ನನ್ನನ್ನು ಮಾರಲಿಲ್ಲ. ಅಂದೇ ತಮ್ಮನ ಮನೆಗೆ ಓಡಿಸಿದ. ರೈಲ್ವೆ ಗೇಟಿನ ಏರನ್ನು ನಾನು ಸಲೀಸಾಗಿ ಹತ್ತಿದೆ. ಮುರುಗೇಂದ್ರನ ಹೆಂಡತಿ ಸರ್ವಮಂಗಳ ಸದ್ದು ಕೇಳಿ ಬಾಗಿಲಿಗೆ ಬಂದಳು.

"ಬರ್ರಿ ಭಾವ," ಅಂದಳು. ನೀರು ತಂದುಕೊಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು: "ಆವತ್ತು ಹಬ್ಬದ ದಿನ ಬಾಗಿಲು ಯಾಕೆ ಹಾಕ್ಕಂಡ್ರಿ ಭಾವ? ಅವರು ಸಾಯೋತನಕ ಅದನ್ನೇ ಕೇಳ್ತಿದ್ರು. ನಾನೇನು ತಪ್ಪು ಮಾಡ್ದೆ ಮಂಗಳಾ, ಅಂತ."

ನಿಜ ಹೇಳಿದರೆ ಸತ್ತ ತಮ್ಮನ ಮೇಲೆ ಅವ್ವನ ಸೊಂಟ ಮುರಿದ ಹೊರೆ. ಹೇಳದಿದ್ದರೆ ಅವಳಿಗೆ ಉತ್ತರವಿಲ್ಲ.

"ಅವನೇನೂ ತಪ್ಪು ಮಾಡಲಿಲ್ಲ ತಾಯಿ," ಎಂದಷ್ಟೇ ಹಾಲೇಶ ಹೇಳಿದ.

ಈಗ ನಾನು ಮುದಿ. ಬಣ್ಣ ಹೋಗಿದೆ, ಸೀಟು ಹರಿದಿದೆ. ಹಾಲೇಶ ವಾರಕ್ಕೊಮ್ಮೆ ಮಂಡಕ್ಕಿ ಚೀಲವೊಂದನ್ನು ಕಟ್ಟಿಕೊಂಡು ಆ ಮನೆಗೆ ಹೋಗುತ್ತಾನೆ. ನಾನೆಲ್ಲೂ ಜಾರುವುದಿಲ್ಲ. ಅವಳು ಮತ್ತೆ ಆ ಪ್ರಶ್ನೆ ಕೇಳಿಲ್ಲ. ಆದರೂ ಆ ಬೀದಿಯ ತಿರುವಿಗೆ ಬಂದಾಗಲೆಲ್ಲ ಅವನು ಕ್ಲಚ್ ಒತ್ತಿ ಹಿಡಿದು ನಿಂತುಬಿಡುತ್ತಾನೆ. ಅವನು ಕೈ ಸಡಿಲಿಸುವ ತನಕ ನಾನೂ ಅಲ್ಲೇ ನಿಂತಿರುತ್ತೇನೆ.