ಇಪ್ಪತ್ತೈದು ಪದ

‘ಇನ್ನೂ ಆರು ಪದ ಜಾಸ್ತಿ ಇದೆ,’ ಎಂದ ಕೌಂಟರಿನ ಗುಮಾಸ್ತ.

ಕೌಂಟರಿನ ಆಚೆ ನಿಂತವನು ತೀರಿಕೊಂಡವರ ಅಳಿಯ. ಮಾವನ ಬಗ್ಗೆ ಬರೆದು ತಂದಿದ್ದ ಕಾಗದವನ್ನು ಇನ್ನೊಮ್ಮೆ ಓದಿಕೊಂಡ. ‘ಯಾವುದು ತೆಗೀತೀರಿ?’

‘“ತುಂಬು ಹೃದಯದ” ತೆಗೆದರೆ ಎರಡು. “ಎಲ್ಲರಿಗೂ ಬೇಕಾದ” ಇನ್ನೆರಡು. ಆಮೇಲೆ “ಕೊಡೆ ಮರೆಯುತ್ತಿದ್ದರು” ಅನ್ನೋದು.’

‘ಅದು ನಿಜ ಸಾರ್. ಎಲ್ಲಿಗೆ ಹೋದ್ರೂ ಕೊಡೆ ಬಿಟ್ಟು ಬರೋರು. ಮನೇಲಿ ಒಂದೂ ಉಳಿದಿಲ್ಲ.’

‘ನಿಜಾನೇ. ಜಾಗ ಇಲ್ಲ.’

ಪೆನ್ಸಿಲ್ಲು ಕೊಡೆಯ ಮೇಲೆ ಹಾದುಹೋಯಿತು. ಅಳಿಯ ಸಹಿ ಹಾಕಿ ಹೊರಟುಹೋದ. ಗುಮಾಸ್ತ ಫಾರಮನ್ನು ಬಲಗಡೆಯ ತಂತಿಬುಟ್ಟಿಗೆ ಹಾಕಿದ. ಕೊಡೆಯನ್ನು ಒಂದು ಚೀಟಿಯ ಮೇಲೆ ಬರೆದು ಮೊಣಕಾಲ ಬಳಿಯ ಡ್ರಾಯರಿಗೆ ಹಾಕಿದ. ಹದಿನಾಲ್ಕು ವರ್ಷದಿಂದ ಹೀಗೆಯೇ. ಮನುಷ್ಯ ಬುಟ್ಟಿಗೆ, ಮಿಕ್ಕದ್ದು ಡ್ರಾಯರಿಗೆ.

ಪತ್ರಿಕೆಯ ಕಟ್ಟಡದ ನೆಲಮಹಡಿಯಲ್ಲಿ, ಮೆಟ್ಟಿಲ ಕೆಳಗಿನ ಗಾಜಿನ ಗೂಡಿನಲ್ಲಿ ಅವನ ಕೆಲಸ. ನಿಧನದ ಪ್ರಕಟಣೆಗಳನ್ನು ತೆಗೆದುಕೊಳ್ಳುವುದು. ಪುಟದಲ್ಲಿ ಪ್ರತಿಯೊಬ್ಬರಿಗೂ ಕಪ್ಪು ಅಂಚಿನ ಒಂದು ಚೌಕ. ಅದರಲ್ಲಿ ಒಂದು ಫೋಟೋ, ಇಪ್ಪತ್ತೈದು ಪದ. ರಾಜನಾದರೂ ಅಷ್ಟೇ, ಜವಾನನಾದರೂ ಅಷ್ಟೇ. ಬಲಗಡೆಯ ಬುಟ್ಟಿ ನಿಧನದ ಪುಟಕ್ಕೆ, ಎಡಗಡೆಯದು ಮೇಲಿನ ಮಹಡಿಗಳಿಗೆ. ಮೇಲಿನವರಿಗೆ ಕೊಡುವುದಕ್ಕೆ ಅವನ ಹತ್ತಿರ ಎಂದೂ ಏನೂ ಇರುತ್ತಿರಲಿಲ್ಲವಾದ್ದರಿಂದ ಎಡಗಡೆಯ ಬುಟ್ಟಿಯಲ್ಲಿ ಊಟದ ಡಬ್ಬಿ ಇಟ್ಟುಕೊಳ್ಳುತ್ತಿದ್ದ. ಆಫೀಸಿನವರು ಅವನನ್ನು ಇಪ್ಪತ್ತೈದಪ್ಪ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಕರೆಯುತ್ತಿದ್ದರೆ ಬೇಸರವಾಗುತ್ತಿತ್ತೇನೋ, ಎದುರಿಗೇ ಕರೆಯುತ್ತಿದ್ದರು.

ಇವತ್ತು ಮಾತ್ರ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಿನ್ನೆಯ ಭಾನುವಾರದ ಪುರವಣಿಯಲ್ಲಿ ಅವನ ಕಥೆ ಪ್ರಕಟವಾಗಿತ್ತು.

ಆ ಒಂದು ಕಥೆಯ ಹಿಂದೆ ವಾಪಸು ಬಂದ ಹನ್ನೊಂದು ಕಥೆಗಳಿದ್ದವು. ಪುರವಣಿಯ ಸಂಪಾದಕಿ ಇದೇ ಕಟ್ಟಡದ ಮೂರನೆಯ ಮಹಡಿಯಲ್ಲಿ ಕೂರುತ್ತಿದ್ದರು. ಅವನು ಮೆಟ್ಟಿಲು ಹತ್ತಿದವನಲ್ಲ. ಕಾವ್ಯನಾಮ ಬರೆದು, ಮನೆಯ ವಿಳಾಸ, ಮೊಬೈಲ್ ನಂಬರು ಬರೆದು, ರಸ್ತೆ ದಾಟಿ ಅಂಚೆ ಡಬ್ಬಿಗೆ ಹಾಕುತ್ತಿದ್ದ. ಲಕೋಟೆ ಊರೆಲ್ಲ ಸುತ್ತಿ ನಾಲ್ಕನೆಯ ದಿನ ಅವನ ತಲೆಯ ಮೇಲೆಯೇ ಬಂದು ಕೂರುತ್ತಿತ್ತು. ತಿಂಗಳೊಳಗೆ ಅಚ್ಚು ಹಾಕಿದ ಚೀಟಿಯೊಂದಿಗೆ ಮನೆ ಸೇರುತ್ತಿತ್ತು.

ಏಳನೆಯ ಕಥೆಯ ಚೀಟಿಯ ಮೇಲೆ ಮೊದಲ ಸಲ ಕೈಬರಹ ಇತ್ತು. ‘ನಿಮ್ಮ ಪಾತ್ರಗಳು ಏನೂ ಮಾಡುವುದಿಲ್ಲ, ಬರೀ ನರಳುತ್ತವೆ.’ ಒಂದು ವಾರ ಸಿಟ್ಟಾಗಿದ್ದ. ಒಂಬತ್ತನೆಯದಕ್ಕೆ: ‘ಇವರ ಕೈಗೆ ಏನಾದರೂ ಕೊಡಿ.’ ಅದು ಅರ್ಥವಾಗಲು ಒಂದು ತಿಂಗಳು ಬೇಕಾಯಿತು. ತನ್ನ ಕೈಯಲ್ಲಾದರೂ ಏನಿದೆ ಎಂದು ನೋಡಿಕೊಂಡ, ಪೆನ್ಸಿಲ್ಲಿತ್ತು. ಪೆನ್ಸಿಲ್ಲು ಹೊಡೆದುಹಾಕಿದ್ದೆಲ್ಲ ಡ್ರಾಯರಿನಲ್ಲಿತ್ತು. ಅವತ್ತು ಡ್ರಾಯರಿನ ಚೀಟಿಗಳನ್ನೆಲ್ಲ ಮೊದಲಿನಿಂದ ಓದಿದ. ಊಟದ ಹೊತ್ತು ಕಳೆದುಹೋದದ್ದು ಗೊತ್ತಾಗಲಿಲ್ಲ. ಹನ್ನೊಂದನೆಯದು ಹೀಗೆ ವಾಪಸು ಬಂತು: ‘ಹತ್ತಿರ ಬಂದಿದ್ದೀರಿ. ಕೊನೆಯನ್ನು ವಿವರಿಸಬೇಡಿ.’

ಹನ್ನೆರಡನೆಯದು ವಾಪಸು ಬರಲಿಲ್ಲ.

ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಮಾಡುವ ಹೆಂಡತಿ ನಿನ್ನೆ ಬೆಳಿಗ್ಗೆ ಕಥೆಯನ್ನು ನಿಂತೇ ಓದಿದಳು. ‘ಈ ಹೆಂಗಸು ನಾನಲ್ಲ ತಾನೆ?’

‘ಅಲ್ಲ.’

‘ಮತ್ಯಾರು?’

‘ಯಾರೂ ಇಲ್ಲ.’

‘ಯಾರೂ ಅಲ್ಲದೋಳ ಬಗ್ಗೆ ಇಷ್ಟು ಚೆನ್ನಾಗಿ ಬರೀತೀರಲ್ಲ ರೀ,’ ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮಗಳು ಪುಟದ ಚಿತ್ರ ತೆಗೆದು ಸ್ನೇಹಿತರಿಗೆಲ್ಲ ಕಳಿಸಿದಳು. ಮೂವರು ಹೆಬ್ಬೆಟ್ಟು ಒತ್ತಿದರು. ಓದು ಬಂದವರೂ ಹೆಬ್ಬೆಟ್ಟು ಒತ್ತುವ ಕಾಲ. ಆದರೂ ಅವನು ದಿನವಿಡೀ ಮನೆಯಲ್ಲಿ ಸಿಳ್ಳೆ ಹಾಕುತ್ತ ಓಡಾಡಿದ.

ಅವನಿಗೆ ಬೇಕಾಗಿದ್ದವರು ಒಬ್ಬರೇ: ನೆಂಟರಲ್ಲದ, ಜೀವಂತವಾಗಿರುವ, ಕಥೆ ಓದಿ ‘ಇದು ಕಥೆ’ ಅನ್ನುವ ಒಬ್ಬ ಮನುಷ್ಯ. ಅವನಿಗೆ ಹೆದರಿಕೆ ಇದ್ದದ್ದೂ ಒಬ್ಬರದೇ. ಹೋದ ವರ್ಷ ಒಬ್ಬಾಕೆ ಗಂಡನ ಪ್ರಕಟಣೆ ಕೊಡಲು ಬಂದಿದ್ದಳು. ಗಂಡ ಬೀಗ ರಿಪೇರಿಯವನು. ಅರ್ಧ ಊರಿನ ಬಾಗಿಲಿನ ಕೀಲಿ ಮಾಡಿದವನು ತನ್ನ ಮನೆಯ ಕೀಲಿಯನ್ನು ಒಂದು ದಿನವೂ ಬಳಸಲಿಲ್ಲವಂತೆ. ಅಂಗಡಿ ಮುಚ್ಚಿ ಬಂದು ಬಾಗಿಲು ತಟ್ಟುತ್ತಿದ್ದ. ‘ಯಾರು?’ ಅಂದರೆ ‘ಕಳ್ಳ’ ಅನ್ನುತ್ತಿದ್ದ. ಮೂವತ್ತೊಂದು ವರ್ಷ. ಹೀಗೆ ಒಂಬತ್ತು ಸಾಲು ಬರೆದಿದ್ದಳು. ಅವನು ಒಂಬತ್ತನ್ನೂ ಹೊಡೆದುಹಾಕಿ ‘ನುರಿತ ಬೀಗ ತಜ್ಞರು’ ಎಂದು ಉಳಿಸಿದ್ದ. ಆ ಒಂಬತ್ತು ಸಾಲೇ ಹನ್ನೆರಡನೆಯ ಕಥೆ. ಬಾಗಿಲಿನ ಬಣ್ಣವೊಂದನ್ನು ಬದಲಾಯಿಸಿದ್ದ. ಅದನ್ನು ಕಳ್ಳತನ ಅನ್ನದೆ ಬೇರೆ ಏನೆನ್ನಬೇಕೋ ಅವನಿಗೆ ತೋಚಿರಲಿಲ್ಲ.

ಹನ್ನೊಂದೂವರೆಗೆ ಆಕೆಯೇ ಬಂದಳು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಪುರವಣಿ.

‘ನೆನಪಿದೆಯಾ ಸಾರ್? ಹೋದ ವರ್ಷ ಬಂದಿದ್ದೆ. ಬೀಗದವರ ಮನೆಯಿಂದ.’

‘ಬಹಳ ಜನ ಬರ್ತಾರಮ್ಮ.’

‘ಒಂಬತ್ತು ಸಾಲು ಬರೆದಿದ್ದೆ. ಹೊಡೆದುಹಾಕಿದ್ರಿ.’

‘ಜಾಗ...’

‘ಜಾಗ ಇಲ್ಲ ಅಂದ್ರಿ. ಜಗಳಕ್ಕೆ ಬಂದಿಲ್ಲ ಬಿಡಿ.’ ಪುರವಣಿಯನ್ನು ಬಿಡಿಸಿ ಗಾಜಿಗೆ ಒತ್ತಿ ಹಿಡಿದಳು. ‘ಇದನ್ನ ಬರೆದೋರು ಯಾರು? ಅವರನ್ನ ನೋಡಬೇಕು.’

ಅವನು ಪೆನ್ಸಿಲ್ಲು ಕೆಳಗಿಟ್ಟ. ‘ಯಾಕಮ್ಮ? ಏನಾದ್ರೂ ತಪ್ಪಾಗಿದೆಯಾ?’

‘ನಾನು ಕಥೆಗಿತೆ ಓದೋಳಲ್ಲ. ಅವರು ಹೋದಮೇಲೆ ದಿನಾ ಬೆಳಿಗ್ಗೆ ಏಳಕ್ಕೆ ನಿಮ್ಮ ಪುಟ ಒಂದೇ ಓದೋದು. ಅವರ ಜೊತೆಗೆ ಯಾರ್ಯಾರು ಹೋದ್ರು ಅಂತ ನೋಡ್ಬೇಕಲ್ಲ. ಬೇರೆ ಪುಟಕ್ಕೆ ಕೈ ಹಾಕಲ್ಲ. ಇದನ್ನ ಪಕ್ಕದ ಮನೆಯವಳು ತಂದುಕೊಟ್ಟಳು, ನಿಮ್ಮ ಯಜಮಾನರೇ ನೋಡಿ ಅಂತ.’

‘ಎಲ್ಲಾ ಮನೇಲೂ ಬಾಗಿಲು ತಟ್ತಾರಮ್ಮ.’

‘ತಟ್ಟೋದು, ಕಳ್ಳ ಅನ್ನೋದು ಬೀದಿಗೆಲ್ಲ ಗೊತ್ತು. ಯಾರೋ ಹೇಳಿರ್ತಾರೆ. ಅದಲ್ಲ ನಾನು ಹೇಳ್ತಿರೋದು.’ ಆಕೆಯ ಬೆರಳು ಕೊನೆಯ ಕಾಲಮ್ಮಿಗೆ ಇಳಿಯಿತು. ‘ಕೊನೇ ದಿನ ಕಥೇಲಿರೋ ಹೆಂಡತಿ “ಯಾರು?” ಅಂತ ಕೇಳೋದೇ ಇಲ್ಲ. ಕೈತುಂಬ ಕೆಲಸ, ಬೇಜಾರು. “ತೆಗೆದೇ ಇದೆ, ಬನ್ನಿ” ಅಂದುಬಿಡ್ತಾಳೆ. ಅವರು ಏನೂ ಮಾತಾಡದೆ ಒಳಗೆ ಬರ್ತಾರೆ.’ ಬೆರಳನ್ನು ಅಲ್ಲೇ ಒತ್ತಿದಳು. ‘ಇದನ್ನ ನಾನು ಯಾರಿಗೂ ಹೇಳಿಲ್ಲ. ಮಗಳಿಗೂ ಹೇಳಿಲ್ಲ. ಬರೆದೋರಿಗೆ ಹೇಗೆ ಗೊತ್ತಾಯ್ತು?’

ಅದು ಒಂಬತ್ತು ಸಾಲಿನಲ್ಲಿ ಇರಲಿಲ್ಲ. ನಾಲ್ಕು ಕೊನೆಗಳನ್ನು ಬರೆದು ಹರಿದ ಮೇಲೆ, ಒಂದು ಶನಿವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಅವನಿಗೆ ಹೊಳೆದದ್ದು ಅದು. ಕದ್ದದ್ದು ಮುಗಿದು ಬರೆದದ್ದು ಶುರುವಾದ ಜಾಗದ ಮೇಲೆಯೇ ಆಕೆಯ ಬೆರಳಿತ್ತು. ಅವನಿಗೆ ಎದ್ದು ಕುಣಿಯಬೇಕೆನ್ನಿಸಿತು. ಅಳುವೂ ಬಂತು. ಸುಳ್ಳು ಹೇಳುತ್ತ ಹೇಳುತ್ತ ಅವನು ಒಬ್ಬಳ ಮನೆಯೊಳಗೆ ಹೋಗಿ ಅಲ್ಲಿದ್ದ ನಿಜವನ್ನು ಮುಟ್ಟಿ ಬಂದಿದ್ದ. ಇದಕ್ಕಿಂತ ಹೆಚ್ಚಿನದನ್ನು ಯಾವ ಬರಹಗಾರನೂ ಕೇಳಲಾರ.

‘ನಾನೇ,’ ಎಂದ.

‘ಏನು?’

‘ನಾನೇ ಅಮ್ಮ, ಬರೆದದ್ದು.’

ಆಕೆ ಗಾಜಿನ ಗೂಡನ್ನು ನೋಡಿದಳು, ಪೆನ್ಸಿಲ್ಲನ್ನು ನೋಡಿದಳು, ಎಡಗಡೆಯ ಬುಟ್ಟಿಯಲ್ಲಿದ್ದ ಊಟದ ಡಬ್ಬಿಯನ್ನು ನೋಡಿದಳು. ಬಂದಾಗಿನಿಂದ ಮೊದಲ ಸಲ ನಕ್ಕಳು. ‘ಸುಮ್ನಿರಿ ಸಾರ್. ನನ್ನ ಕಣ್ಣೆದುರಿಗೇ ಅವರನ್ನ ಹೊಡೆದುಹಾಕಿದೋರು ನೀವು.’

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಪುರವಣಿಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿದಳು. ‘ಆ ಪುಣ್ಯಾತ್ಮ ಈ ಕಡೆ ಬಂದ್ರೆ ಹೇಳಿ. ಒಂದು ಸಲ ಮುಖ ನೋಡ್ಬೇಕು, ಅಷ್ಟೆ.’

ಕೂಗಿ ಕರೆಯಬಹುದಿತ್ತು. ಡ್ರಾಯರು ಎಳೆದು ಆ ಚೀಟಿಯನ್ನೇ ತೋರಿಸಬಹುದಿತ್ತು. ಆದರೆ ಆಕೆಯ ಹಿಂದೆ ಮೂವರು ಸತ್ತವರ ಕಡೆಯವರು ಸಾಲಿನಲ್ಲಿ ನಿಂತಿದ್ದರು. ಅವನ ಸಂತೋಷ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ; ಅವನ ಹೆಸರಿಗೆ ಬಂದಿರಲಿಲ್ಲ, ಅಷ್ಟೆ. ತನ್ನ ಮದುವೆಯ ಊಟವನ್ನು ಕಿಟಕಿಯ ಆಚೆ ನಿಂತು ನೋಡಿದ ಹಾಗಿತ್ತು.

ಒಂದು ಗಂಟೆಗೆ ಮೊಬೈಲು ಬಡಿದುಕೊಂಡಿತು. ಮೂರನೆಯ ಮಹಡಿಯ ಸಂಪಾದಕಿ.

‘ಕಥೆಗಾರರಾ? ಬೆಳಿಗ್ಗೆಯಿಂದ ಫೋನ್ ಇಡೋಕೆ ಬಿಟ್ಟಿಲ್ಲ ಜನ. ಪ್ರಕಾಶಕರೊಬ್ಬರು ನಿಮ್ಮ ಪುಸ್ತಕ ತರ್ತೀನಿ ಅಂತ ಕೂತಿದ್ದಾರೆ. ಬೇರೆ ಕಥೆಗಳಿವೆಯಾ?’

ಅವನು ಡ್ರಾಯರನ್ನು ಮೊಣಕಾಲಿನಿಂದ ಮುಟ್ಟಿ ನೋಡಿದ. ‘ಇವೆ.’

‘ಎಷ್ಟು?’

‘ಹದಿನಾಲ್ಕು ವರ್ಷದ್ದು.’

‘ಅಬ್ಬಾ. ನಾಳೇನೇ ಪ್ರಕಟಣೆ ಹಾಕ್ತೀವಿ. ಒಂದು ಫೋಟೋ, ನಿಮ್ಮ ಬಗ್ಗೆ ಇಪ್ಪತ್ತೈದು ಪದ. ಮೂರು ಗಂಟೆಯೊಳಗೆ ಬೇಕು. ಎಲ್ಲಿರೋದು ನೀವು?’

‘ಹತ್ತಿರಾನೇ.’

‘ಹಾಗಾದ್ರೆ ಕೆಳಗಡೆ ಕೌಂಟರಿನಲ್ಲಿ ಕೊಟ್ಟುಬಿಡಿ. ಅಲ್ಲಿ ಒಬ್ರಿದ್ದಾರೆ, ಕಳಿಸ್ತಾರೆ.’

ಊಟದ ಹೊತ್ತಿಗೆ ಡಬ್ಬಿಯನ್ನು ಮುಟ್ಟಲಿಲ್ಲ. ‘ವಿರಾಮ’ ಎಂಬ ಹಲಗೆ ತಗುಲಿಸಿ, ಗೂಡಿನಿಂದ ಹೊರಗೆ ಬಂದು, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಗಾಜಿನ ಆಚೆಯ ಬದಿಗೆ ನಿಂತ. ದಾರ ಕಟ್ಟಿದ ಪೆನ್ನು ಚೋಟುದ್ದಕ್ಕಿಂತ ಹೆಚ್ಚು ದೂರ ಬರುವುದಿಲ್ಲವೆಂದು ಅವತ್ತು ಗೊತ್ತಾಯಿತು. ಕೈಗೆ ಸಿಕ್ಕ ಫಾರಮಿನ ಮೇಲೆ, ಕಾವ್ಯನಾಮ ಬೇಡವೆನ್ನಿಸಿ ತನ್ನ ನಿಜವಾದ ಹೆಸರನ್ನೇ ಬರೆದ. ಕೆಳಗೆ ತನ್ನ ಬಗ್ಗೆ ಬರೆಯತೊಡಗಿದ. ಬಾಲ್ಯ ಬಂತು, ಕತ್ತಲಲ್ಲಿ ಕಥೆ ಹೇಳುತ್ತಿದ್ದ ಅಜ್ಜಿ ಬಂದಳು, ಚಪ್ಪಲಿ ಹೊಲಿಸಿಕೊಂಡೇ ಓದಿದ ಕಾಲೇಜು ಬಂತು. ಬರೆದು ಮುಗಿಸಿ, ಒಳಗೆ ಹೋಗಿ ಕೂತು, ಗಾಜಿನ ಸಂದಿಯಿಂದ ಫಾರಮನ್ನು ತೆಗೆದುಕೊಂಡ.

ಮೂವತ್ತೆಂಟು ಪದ ಜಾಸ್ತಿ ಇತ್ತು.

ಪೆನ್ಸಿಲ್ಲು ತೆಗೆದುಕೊಂಡು ಅಜ್ಜಿಯನ್ನು ಹೊಡೆದ. ಚಪ್ಪಲಿಯನ್ನು ಹೊಡೆದ. ಇಷ್ಟು ಸಲೀಸಾಗಿ ಅವನು ಎಂದೂ ಬರೆದಿರಲಿಲ್ಲ. ಉಳಿದ ಪದಗಳು ಒಂದರ ಪಕ್ಕ ಒಂದು ತಾವಾಗಿಯೇ ಬಂದು ನಿಂತವು. ಪರ್ಸಿನಿಂದ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದು ಪಿನ್ನು ಚುಚ್ಚಿದ. ವಿರಾಮದ ಹಲಗೆಯನ್ನು ಯಾರೋ ತಟ್ಟುತ್ತಿದ್ದರು. ಫಾರಮನ್ನು ಬುಟ್ಟಿಗೆ ಹಾಕಿ, ಎದ್ದು ಹಲಗೆ ತೆಗೆದ.

ಮೂರಕ್ಕೆ ಬುಟ್ಟಿಯ ಕಾಗದಗಳು ಹೋದವು. ಐದೂವರೆಗೆ ಊರಾಚೆಯ ಪ್ರೆಸ್ಸಿನಿಂದ ನಿಧನದ ಪುಟದ ಕರಡು ಅವನ ಪಕ್ಕದ ಯಂತ್ರದಲ್ಲಿ ಬಿಸಿಬಿಸಿಯಾಗಿ ಹೊರಬಂತು. ಅಲ್ಲಿ ಪುಟ ಕಟ್ಟುವವರು ಅವನ ಮುಖವನ್ನು ನೋಡಿದವರಲ್ಲ. ಅವನು ‘ಸರಿ’ ಅಂದರೆ ಅಚ್ಚಿಗೆ ಬಿಡುತ್ತಿದ್ದರು. ಪೆನ್ಸಿಲ್ಲು ಹಿಡಿದು ಮೊದಲ ಸಾಲಿನಿಂದ ನೋಡುತ್ತ ಬಂದ. ಮೂರನೆಯ ಸಾಲಿನಲ್ಲಿ, ಕೊಡೆ ಕಳೆದುಕೊಂಡ ಮಾವನಿಗೂ ಒಬ್ಬ ನಿವೃತ್ತ ದಾದಿಗೂ ನಡುವೆ, ಕಪ್ಪು ಅಂಚಿನೊಳಗೆ ಅವನಿದ್ದ.

‘ಹದಿನಾಲ್ಕು ವರ್ಷ ಪತ್ರಿಕೆಯ ಕೌಂಟರಿನಲ್ಲಿ ಸೇವೆ ಸಲ್ಲಿಸಿದರು. ಹನ್ನೆರಡು ಕಥೆ ಬರೆದರು. ಹನ್ನೊಂದು ಮರಳಿ ಬಂದವು. ಕೊನೆಯದು ಪ್ರಕಟವಾಯಿತು. ಜನ ಹೇಳಿದ ಯಾವ ಮಾತನ್ನೂ ಎಸೆಯಲಿಲ್ಲ. ಅವರಿಗೆ ಪತ್ನಿ, ಪುತ್ರಿ, ಒಬ್ಬ ಓದುಗರು ಇದ್ದಾರೆ.’

ಪಕ್ಕಕ್ಕೆ ತಿರುಗಿ ನೋಡಿದ. ಎಡಗಡೆಯ ಬುಟ್ಟಿಯಲ್ಲಿ ಊಟದ ಡಬ್ಬಿ ಇದ್ದ ಹಾಗೇ ಇತ್ತು. ಕೈ ತಾನು ಕಲಿತ ಬಲಗಡೆಯ ಬುಟ್ಟಿಗೇ ಹೋಗಿತ್ತು.

ಹೊಟ್ಟೆಯೊಳಗಿನಿಂದ ನಗು ಬಂತು. ನಕ್ಕ, ಗಾಜಿಗೆ ಹಬೆ ಕಟ್ಟುವಷ್ಟು ನಕ್ಕ. ನಾಳೆ ಹೆಂಡತಿ ಪುಟವನ್ನೂ ಎದುರಿಗೆ ಕೂತ ಗಂಡನನ್ನೂ ಬದಲಿಸಿ ಬದಲಿಸಿ ನೋಡುತ್ತಾಳೆ. ಆಮೇಲೆ ಅಭ್ಯಾಸದಂತೆ ಪದಗಳನ್ನು ಎಣಿಸಿದ. ಇಪ್ಪತ್ತೈದು. ತೆಗೆಯುವಂಥದ್ದು ಒಂದೂ ಇರಲಿಲ್ಲ. ಯಾರೂ ನರಳುತ್ತಿರಲಿಲ್ಲ, ಕೊನೆಯನ್ನು ಯಾರೂ ವಿವರಿಸಿರಲಿಲ್ಲ. ತಾನು ಬರೆದದ್ದರಲ್ಲೆಲ್ಲ ಇದೇ ಒಳ್ಳೆಯದು ಎಂದು ಅವನಿಗೆ ಹೆಮ್ಮೆಯಿಂದ ಗೊತ್ತಾಯಿತು.

ನಾಳೆ ಬೆಳಿಗ್ಗೆ ಏಳಕ್ಕೆ ಬೀಗದವರ ಮನೆಯಾಕೆ ಈ ಪುಟ ತೆಗೆಯುತ್ತಾಳೆ. ಬೇರೆ ಪುಟಕ್ಕೆ ಕೈ ಹಾಕುವುದಿಲ್ಲ. ಮೇಲಿನವರ ಪುಟದಲ್ಲಿ ಅವನ ಮುಖ ಎಷ್ಟು ದೊಡ್ಡದಾಗಿ ಬಂದರೂ ಆಕೆಗೆ ಕಾಣುವುದಿಲ್ಲ. ಇಲ್ಲಿ ಕಾಣುತ್ತದೆ. ಇಲ್ಲಿ ನಂಬುತ್ತಾಳೆ.

ಪ್ರೆಸ್ಸಿನಿಂದ ಫೋನು ಬಂತು. ಹೊಸ ದನಿ. ‘ಪುಟ ನೋಡಿದ್ರಾ ಸಾರ್? ಬಿಡಬಹುದಾ?’

ಅವನು ಪೆನ್ಸಿಲ್ಲನ್ನು ಎತ್ತಿ ಚೌಕದ ಮೇಲೆ ಹಿಡಿದ.

‘ಹಲೋ? ಹಲೋ, ಯಾರು?’

ಹದಿನಾಲ್ಕು ವರ್ಷದಲ್ಲಿ ಆ ಕಡೆಯಿಂದ ಯಾರೂ ಹಾಗೆ ಕೇಳಿರಲಿಲ್ಲ. ಬೀಗದವನ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ದೀಪದ ಬೆಳಕಿನಲ್ಲಿ ಎತ್ತಿ ಹಿಡಿದ ಪೆನ್ಸಿಲ್ಲಿನ ನೆರಳು ಆ ಚೌಕದೊಳಗಿನ ಮುಖದ ಮೇಲೆ, ಹಣೆಯಿಂದ ಗಲ್ಲದವರೆಗೆ ಓರೆಗೆರೆಯಾಗಿ ಬಿದ್ದಿತ್ತು. ಪೆನ್ಸಿಲ್ಲಿನ ಗೆರೆ ಮಾತ್ರ ಇನ್ನೂ ಬಿದ್ದಿರಲಿಲ್ಲ.