ಹಿಂದಿನಿಂದ ಹೇಳಿ

"ಡಾಕ್ಟರು ನೋಡಿದ್ರು, ರಿಪೋರ್ಟ್ ನಾರ್ಮಲ್ ಅಂದ್ರು, ಗುಳಿಗೆ ಬರ್ಕೊಟ್ರು, ಎರಡೂವರೆ ಬಸ್ಸು ಹತ್ದೆ."

ಮಂಗೇಶ ಇದನ್ನು ಮೂರನೆಯ ಸಲ ಹೇಳಿದ. ಮೂರು ಸಲವೂ ಒಂದಕ್ಷರ ಆಚೀಚೆ ಆಗಲಿಲ್ಲ. ಅವನ ಹೆಂಡತಿ ಗಂಗೂಗೆ ಅಲ್ಲೇ ಅನುಮಾನ ಬಂತು. ಗದ್ದೆ ಕೆಲಸಕ್ಕೆ ಬರುತ್ತೇನೆಂದು ಬಾರದವರ ನೆಪಗಳನ್ನು ಇಪ್ಪತ್ತು ವರ್ಷದಿಂದ ಕೇಳಿದವಳು ಅವಳು. ನಡೆದದ್ದನ್ನು ಹೇಳುವವರು ಎಡವುತ್ತಾರೆ, ಅಲ್ಲಲ್ಲ ಅದಕ್ಕೂ ಮೊದಲು ಎಂದು ವಾಪಸು ಹೋಗುತ್ತಾರೆ, ಬೇಡದ್ದನ್ನೆಲ್ಲ ಸೇರಿಸುತ್ತಾರೆ. ಕಟ್ಟಿಕೊಂಡು ಬಂದದ್ದು ಮಾತ್ರ ಬಾಯಿಪಾಠದ ಹಾಗೆ ಹರಿಯುತ್ತದೆ.

ಅದೂ ಅಲ್ಲದೆ, ಮೇ ತಿಂಗಳಲ್ಲಿ ಅಂಕೋಲೆಗೆ ಹೋದ ಮನುಷ್ಯ ಅಲ್ಲಿಯ ಹೆಸರುವಾಸಿ ಈಶಾಡು ಮಾವಿನಹಣ್ಣು ಒಂದೂ ಇಲ್ಲದೆ ಬರಿಗೈಯಲ್ಲಿ ಊರಿಗೆ, ಚಿತ್ತಾಕುಲಕ್ಕೆ ಬಂದಿದ್ದ.

ಹದಿನೈದು ದಿನದ ಹಿಂದೆ ಅವನ ಕತ್ತಿನ ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಇವತ್ತು ರಿಪೋರ್ಟ್ ಬರುವುದಿತ್ತು. ಗಂಗೂ ತಾನೂ ಬರುತ್ತೇನೆಂದರೆ ಬೇಡವೆಂದು ಒಬ್ಬನೇ ಹೋಗಿದ್ದ.

ಗಂಗೂ ಜಗಳ ತೆಗೆಯಲಿಲ್ಲ. ಹೊಳೆಯಿಂದ ಬೆಳಿಗ್ಗೆ ಹೆಕ್ಕಿ ತಂದಿದ್ದ ತಿಸರೆ ಚಿಪ್ಪುಮೀನಿನ ಬುಟ್ಟಿಯನ್ನೂ ಈಳಿಗೆಯನ್ನೂ ಅವನ ಮುಂದೆ ಎಳೆದಳು.

"ಬಿಡಿಸ್ಕೊಡಿ. ಕೈ ಜೋಪಾನ."

ತಿಸರೆಯ ಚಿಪ್ಪು ಬಿಡಿಸುವಾಗ ಮನಸ್ಸು ಬೆರಳ ತುದಿಯಲ್ಲೇ ಇರಬೇಕು. ನಾಲ್ಕು ಚಿಪ್ಪು ಬಿದ್ದ ಮೇಲೆ ಅವಳು ಕೇಳಿದಳು:

"ಈಗ ಹಿಂದಿನಿಂದ ಹೇಳಿ. ಬಸ್ಸು ಹತ್ತೂಕೆ ಮೊದಲು ಎಲ್ಲಿದ್ರಿ?"

"ಸ್ಟ್ಯಾಂಡಲ್ಲಿ."

"ಅದ್ಕೂ ಮೊದಲು?"

"ಮೆಡಿಕಲ್ ಅಂಗಡೀಲಿ. ಗುಳಿಗೆ..." ಗುಳಿಗೆ ತಂದಿಲ್ಲವೆಂಬುದು ಅವನಿಗೆ ಆಗಷ್ಟೇ ಹೊಳೆಯಿತು. "ಸ್ಟಾಕ್ ಇರ್ಲಿಲ್ಲ."

"ಆಯ್ತು. ಡಾಕ್ಟರು ಕೂತು ಹೇಳಿದ್ರೋ, ನಿಂತೋ?"

ಅವನ ಕೈ ನಿಂತಿತು.

"ಪೋಲೀಸರಿಗಾದ್ರೂ ಲಾಠಿ ಬೇಕು ಮಾರಾಯ್ತಿ," ಎಂದು ನಗಲು ನೋಡಿದ. ಆಗಲಿಲ್ಲ. "ಬಾಗಿಲು ಹಾಕ್ಕಂಡು ಹೇಳಿದ್ರು. ಕ್ಯಾನ್ಸರ್ ಅಂತೆ. ಸೋಮವಾರವೇ ದೊಡ್ಡಾಸ್ಪತ್ರೆಗೆ ಹೋಗ್ಬೇಕಂತೆ. ನಾಳೆ ಪ್ರೇಕ್ಷಾನ ಕಡೇ ಪರೀಕ್ಷೆ, ಅದೊಂದು ಮುಗೀಲಿ ಅಂದ್ಕಂಡೆ. ಅವರ್ಸಾದಿಂದ ಇಲ್ಲಿವರೆಗೂ ಬಸ್ಸಲ್ಲಿ ಆ ನಾಲ್ಕು ಸುಳ್ಳನ್ನೇ ಬಾಯಿಪಾಠ ಮಾಡ್ಕಂತ ಬಂದೆ."

ಗಂಗೂ ಬಿಡಿಸಿದ ಚಿಪ್ಪುಗಳನ್ನು ಒಂದು ಬದಿಗೆ ಗುಡ್ಡೆ ಮಾಡಿದಳು. "ಪಾಠ ಚಲೋ ಮಾಡಿದ್ರಿ. ಚಲೋ ಆದದ್ದೇ ತಪ್ಪಾಯ್ತು," ಎಂದಳು.

ಗೇಟು ಸದ್ದಾಯಿತು. ಕಾಲೇಜಿನಿಂದ ಮಗಳು ಪ್ರೇಕ್ಷಾ ಬಂದಳು.

"ಬಾಬಾ, ರಿಪೋರ್ಟ್ ಎಂತ ಬಂತು?"

ಮಂಗೇಶ ಬಾಯಿ ತೆರೆಯುವ ಮೊದಲೇ ಗಂಗೂ ಶುರು ಮಾಡಿದಳು. "ಎಂತ ಇಲ್ವಂತೆ. ಹತ್ತು ಗಂಟೆಗೆ ಹೋದ್ರೆ ಡಾಕ್ಟರು... ಅಲ್ಲಲ್ಲ, ಹತ್ತಕ್ಕಲ್ಲ, ಅಮದಳ್ಳಿಲಿ ಬಸ್ಸು ಕೆಟ್ಟು ಹನ್ನೊಂದಾಯ್ತಂತೆ. ಅಲ್ಲೊಬ್ಳು ನರ್ಸು, ನಮ್ಮ ಸುಗಂಧಾ ಮೌಶಿ ಹಾಂಗೇ ಇದ್ಳಂತೆ, ಅವಳೇ ಹೇಳಿದ್ಳಂತೆ... ಇಲ್ಲ, ಡಾಕ್ಟರೇ ಹೇಳಿದ್ದು. ಬರೀ ಕೊಬ್ಬಿನ ಗಂಟಂತೆ. ನಿನ್ನ ಬಾಬಾ ಗುಳಿಗೆ ಚೀಟಿ ಎಲ್ಲೋ ಬೀಳ್ಸ್ಕಂಡು ಬಂದ್ರು, ನೋಡು!"

"ಆಯಿ, ನೀನು ಒಂದು ಕತೆನೂ ನೆಟ್ಟಗೆ ಹೇಳೂದಿಲ್ಲ," ಎಂದು ಪ್ರೇಕ್ಷಾ ನಕ್ಕು, ಚಪ್ಪಲಿ ಬಿಟ್ಟು ಒಳಗೆ ಹೋದಳು.

ಮಂಗೇಶ ಹೆಂಡತಿಯನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ. "ನಂಗೆ ಹೀಂಗೆ ಎಷ್ಟು ಸಲ ಹೇಳಿದ್ದೀಯೇ?"

ಅವಳು ಬುಟ್ಟಿಯಿಂದ ಇನ್ನೊಂದು ತಿಸರೆ ತೆಗೆದು ಅವನ ಕೈಗಿಟ್ಟಳು.

ಒಳಕೋಣೆಯಿಂದ ಮಗಳು ಗಟ್ಟಿಯಾಗಿ ಓದುವುದು ಕೇಳಿಸಿತು. ಒಂದು ಸಾಲು ಓದಿ ಸುಮ್ಮನಾದಳು. ಮತ್ತೆ ಅದೇ ಸಾಲು. ಸ್ವಲ್ಪ ಹೊತ್ತು ಬಿಟ್ಟು, ಇನ್ನೂ ಮೆಲ್ಲಗೆ, ಮತ್ತೆ ಅದೇ. ಮುಂದಿನ ಸಾಲು ಬರಲೇ ಇಲ್ಲ; ಗಂಗೂ ಮಂಗೇಶನ ಮುಖ ನೋಡಿದಳು.