ಬೇಕೆಂದೇ ಉದುರಿಸಿದ ತೋಳು

ದೀಪ ಹೊತ್ತಿಸುವ ಹೊತ್ತಿಗೆ ದರ್ಜಿಯಮ್ಮ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕುತ್ತಿದ್ದಳು. ಆ ಮುಸುಕಿನ ಮೇಲೇ ಬೈಬಲ್ ತೆರೆದುಕೊಳ್ಳುತ್ತಿತ್ತು. ಓದುವವನು ಗಂಡ, ನಡುನಡುವೆ ಬಾಯಿ ಹಾಕುವವಳು ಮಗಳು ಗುಬ್ಬಿ. ಆ ಸಂಜೆ ಬಂದದ್ದು ಹಕ್ಕಲಾಯುವ ವಿಧವೆಯ ಕಥೆ. ಮನೆಯಲ್ಲಿ ಹಸಿದ ಅತ್ತೆ, ಕಣ್ಣೆದುರು ಕಂಡವರ ಹೊಲ. ಕೊಯ್ಯುವವರ ಹಿಂದೆ ಬಿದ್ದ ತೆನೆಗಳನ್ನು ಅವಳು ಆಯುತ್ತಿರಲು, ಹೊಲದೊಡೆಯ ಆಳುಗಳನ್ನು ಕರೆದು, ಕಟ್ಟಿದ ತೆನೆಯ ಸಿವುಡಿನಿಂದಲೂ ಒಂದಿಷ್ಟು ಬೇಕೆಂದೇ ಉದುರಿಸಿ ಎಂದನಂತೆ.

“ಬೇಕಂತಲೇನಾ ಅಪ್ಪಾ? ಕೈಗೇ ಕೊಡಬಹುದಿತ್ತಲ್ಲ!”

“ಕೊಡಬಹುದಿತ್ತು. ಯಾಕೆ ಕೊಡಲಿಲ್ಲ ಅಂತ ನೀನೇ ಯೋಚನೆ ಮಾಡು.”

ದರ್ಜಿಯಮ್ಮನಿಗೆ ದಣಿವಿನ ಜೊಂಪು. ಮುಚ್ಚಿದ ರೆಪ್ಪೆಯೊಳಗೆ, ನೆಲದ ಮೇಲಿನ ನೂಲೆಳೆಗಳೆಲ್ಲ ಎದ್ದು ನಿಂತು ಪೈರಾಗಿ ತೂಗಿದವು. ಗಂಡನ ದನಿ ಅದರ ಮೇಲೆ ಗಾಳಿಯಂತೆ ಸುಳಿಯಿತು.

ಮೇಜಿನ ಕೆಳಗಿನ ಚಿಂದಿ ಗುಡಿಸಿ ಚೀಲಕ್ಕೆ ತುಂಬುವುದು ಗುಬ್ಬಿಯ ಕೆಲಸ. ಬೀದಿ ಕೊನೆಯ ಅಜ್ಜಿ ಆ ಚೀಲ ಒಯ್ದು, ತುಂಡಿಗೆ ತುಂಡು ಕೂಡಿಸಿ ಹೊದಿಕೆ ಹೊಲಿದು ಮಾರುತ್ತಿದ್ದಳು. ಮರುದಿನವೂ ಬಂದಳು, ಒಯ್ದಳು. ಆಮೇಲೆ ದರ್ಜಿಯಮ್ಮ, ಆಸ್ಪತ್ರೆಯ ನರ್ಸಮ್ಮ ಹೊಲಿಯಲು ಕೊಟ್ಟು ತಾನು ಕತ್ತರಿಸಿಟ್ಟಿದ್ದ ಉಣ್ಣೆ ಕೋಟಿನ ಗಂಟು ಬಿಚ್ಚಿದರೆ ಬೆನ್ನಿದೆ, ಎದೆಯಿದೆ, ಕಾಲರಿದೆ, ತೋಳು ಮಾತ್ರ ಒಂದೇ!

“ಗುಬ್ಬೀ! ಇನ್ನೊಂದು ತೋಳೆಲ್ಲೇ?”

“ನಾನೇ ಚೀಲಕ್ಕೆ ಉದುರಿಸಿದೆ ಅಮ್ಮಾ. ಬೇಕಂತಲೇ!” ಹುಡುಗಿಯ ಮುಖ ಹೊಳೆಯುತ್ತಿತ್ತು.

“ಅಯ್ಯೋ ನನ್ನ ಕರ್ಮವೇ, ನರ್ಸಮ್ಮ ಒಂಟಿ ತೋಳಲ್ಲಿ ತಿರುಗಬೇಕಾ?”

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೊಡಲು ಚಾಚಿದ ಕೈಗೆ ಇಂದು ಬರೆ ಎಳೆದರೆ, ಅದು ಮತ್ತೆಂದಾದರೂ ಬಿಚ್ಚೀತೇ? ದರ್ಜಿಯಮ್ಮ ಮಗಳನ್ನು ಹತ್ತಿರ ಎಳೆದುಕೊಂಡಳು.

“ಕಥೇಲಿ ಆ ಹೊಲ ಯಾರದು ಮಗಳೇ?”

“ಯಜಮಾನಂದೇ.”

“ಈ ಉಣ್ಣೆ ಬಟ್ಟೆ?”

ಗುಬ್ಬಿ ಉಳಿದ ಒಂಟಿ ತೋಳನ್ನು ಬೆರಳಲ್ಲಿ ಸವರಿದಳು. “ನರ್ಸಮ್ಮಂದು.” ಆಮೇಲೆ ಅಮ್ಮನ ಸೆರಗು ಹಿಡಿದಳು. “ಹಾಗಾದ್ರೆ ನನಗೆ ಹೊಲವೇ ಇಲ್ವಲ್ಲಮ್ಮಾ.”

ಆ ಮಾತು ದರ್ಜಿಯಮ್ಮನ ಎದೆಗೆ ನಾಟಿತು. ಇಷ್ಟು ವರ್ಷ ತಾನು ಅಜ್ಜಿಗೆ ಕೊಟ್ಟದ್ದೇನು? ಗುಡಿಸಿದ್ದು, ತನಗೆ ಬೇಡವಾದದ್ದು. ಅವಳೆದ್ದು ಕಪಾಟು ತೆರೆದಳು. ತನಗೆಂದು ಎತ್ತಿಟ್ಟಿದ್ದ ಹಳದಿ ಬಟ್ಟೆ, ಮುಟ್ಟಿದರೆ ಬೆಣ್ಣೆ. ಮೇಜಿನ ಮೇಲೆ ಹಾಸಿ ಸೀಮೆಸುಣ್ಣ ಹಿಡಿದಳು.

“ಇದು ನಮ್ಮ ಹೊಲ. ಎಲ್ಲಿ ಕತ್ತರಿಸಲಿ, ಹೇಳು.”

ಗುಬ್ಬಿ ಅಂಚಿನ ಬಳಿ ಬೆರಳಿಟ್ಟಳು. ಯೋಚಿಸಿದಳು. ಬೆರಳು ಜರುಗಿತು, ಇನ್ನೂ ಜರುಗಿ ನಟ್ಟನಡುವೆ ನಿಂತಿತು. ದರ್ಜಿಯಮ್ಮನ ಜೀವ ಚುಳ್ಳೆಂದಿತು. ಅಷ್ಟೊಂದಾ ಎನ್ನಲು ಬಾಯಿ ತೆರೆದವಳು ದೇವರೇ ಎಂದಳು, ಅಲ್ಲೇ ಗೆರೆ ಎಳೆದಳು. ಕತ್ತರಿ ನೀರಲ್ಲಿ ದೋಣಿ ಹೋದಂತೆ ಹೋಯಿತು.

ಸಂಜೆ ತಾಯಿ ಮಗಳಿಬ್ಬರೂ ತೋಳು ಕೇಳಲು ಬೀದಿ ಕೊನೆಗೆ ನಡೆದರು. ಅಜ್ಜಿಯ ಕೋಣೆಯ ನೆಲವೆಲ್ಲ ಬಣ್ಣದ ತುಂಡುಗಳು. ಇಳಿಬಿಸಿಲಿಗೆ ಅವು ಉಸಿರಾಡುತ್ತಿದ್ದವೇನೋ ಅನ್ನಿಸಿತು.

“ಬಾ ತಾಯೀ, ನೀನು ಬರ್ತೀಯ ಅಂತ ಗೊತ್ತಿತ್ತು.” ಅಜ್ಜಿ ಮಡಿಸಿಟ್ಟ ತೋಳನ್ನು ನೀಡಿದಳು. “ಚಿಂದಿಯ ಮುಖ ನಾನು ಕಾಣದವಳೇ? ಇದು ಕೈತಪ್ಪಿ ಬಂದಿದ್ದು. ನೋಡಮ್ಮಾ, ಕಸ ಆದ್ರೆ ಇಸ್ಕೋತೀನಿ. ಯಾರ ಹಂಗೂ ನನಗೆ ಬೇಡ.”

ಸೆರಗಿನೊಳಗಿನ ಹಳದಿ ಬಟ್ಟೆ ದರ್ಜಿಯಮ್ಮನಿಗೆ ಭಾರವಾಯಿತು. ಹೇಗೆ ಕೊಡುವುದು? ಅಷ್ಟರಲ್ಲಿ ಪುಟ್ಟ ಬೆರಳುಗಳು ಸೆರಗಿನೊಳಗೆ ನುಸುಳಿ ಅದನ್ನು ಮೆಲ್ಲಗೆ ಎಳೆದುಕೊಂಡವು. ಗುಬ್ಬಿ ಅಜ್ಜಿಯ ಬೆನ್ನ ಹಿಂದಿನ ಚಿಂದಿ ರಾಶಿಯತ್ತ, ಏನೂ ತಿಳಿಯದವಳಂತೆ, ಸರಿಯತೊಡಗಿದಳು.

ಅಜ್ಜಿ ಇನ್ನೇನು ಹಿಂದಿರುಗಿ ನೋಡಬೇಕು.

“ಅಜ್ಜೀ,” ದರ್ಜಿಯಮ್ಮ ಅವಸರವಸರವಾಗಿ ಅವಳ ಕೈ ಹಿಡಿದಳು, “ನಿಮ್ಮ ಮಂಡಿ ನೋವು ಈಗ ಹೇಗಿದೆ?”

ಮಂಡಿ ನೋವೆಂದರೆ ಕೇಳಬೇಕೇ! ಅಜ್ಜಿ ಕಾಲು ನೀಡಿ ಸುಖವಾಗಿ ಕುಳಿತು, ಮೊದಲಿನಿಂದ ಹೇಳಲು ಶುರುಮಾಡಿದಳು. ದರ್ಜಿಯಮ್ಮ ಹೂಂಗುಟ್ಟುತ್ತ ಕುಳಿತಳು.